ಜೋಡಿಸಿದ್ದು ತಾನೇ ಎನ್ನುವವರಿಗೆ

ಕೊಡಗಿನ ಹುದಿಕೇರಿಯಂಥ ಊರಿನಲ್ಲಿ ಹುಡುಗನೊಬ್ಬ ಮನೆಯಲ್ಲೇ ಕ್ಯಾಮೆರಾ ಡ್ರೋನ್ ಕಟ್ಟುತ್ತಿದ್ದಾನೆ ಎಂಬ ಸುದ್ದಿ ಹಬ್ಬಿದರೆ ಎರಡು ಮಾತು ತಪ್ಪದೆ ಬರುತ್ತವೆ. ‘ರೆಡಿಮೇಡ್ ಸಿಗುವಾಗ ಈ ಒದ್ದಾಟ ಯಾಕೆ?’ ಎನ್ನುವುದು ಒಂದು. ‘ಮೋಟಾರು ಚೀನಾದ್ದು, ಬೋರ್ಡು ಚೀನಾದ್ದು, ಬ್ಯಾಟರಿ ಚೀನಾದ್ದು. ಇವನು ಜೋಡಿಸಿದ್ದಾನೆ ಅಷ್ಟೆ’ ಎನ್ನುವುದು ಇನ್ನೊಂದು. ಯಂತ್ರದ ಗೊಡವೆಯೇ ಇಲ್ಲದವರು ಹೀಗೆ ಹೇಳಿದರೆ ಸುಮ್ಮನಿರಬಹುದು. ಆದರೆ ಹೇಳುವವರಲ್ಲಿ ಎಂಜಿನಿಯರಿಂಗ್ ಓದಿದವರಿದ್ದಾರೆ, ಅದನ್ನೇ ಕಲಿಸುವವರಿದ್ದಾರೆ, ಪತ್ರಿಕೆಗೆ ಬರೆಯುವವರಿದ್ದಾರೆ. ಅವರ ಮಾತು ಕೇಳಿ ಹುಡುಗ ಸೋಲ್ಡರಿಂಗ್ ಐರನ್ ಕೆಳಗಿಡುತ್ತಾನೆ. ಆ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ಎರಡೂ ಮಾತು ತಪ್ಪು, ಮತ್ತು ಎರಡೂ ನಮ್ಮ ನಾಡಿಗೆ ಕೇಡು ಮಾಡುತ್ತಿವೆ ಎಂಬುದು ನನ್ನ ವಾದ.

ಈ ತಾತ್ಸಾರಕ್ಕೆ ಹತ್ತಿರದ ಕಾರಣವೊಂದು ಎಲ್ಲರಿಗೂ ನೆನಪಿದೆ. ಕಸದಿಂದ ನೂರಾರು ಡ್ರೋನ್ ಮಾಡಿದ್ದೇನೆ, ದೇಶವಿದೇಶದ ಬಹುಮಾನ ಗೆದ್ದಿದ್ದೇನೆ ಎಂದು ಮಂಡ್ಯ ಜಿಲ್ಲೆಯ ಯುವಕನೊಬ್ಬ ಹೇಳಿಕೊಂಡಾಗ ನಮ್ಮ ಟಿವಿ, ಪತ್ರಿಕೆ, ಮಠ, ಕಾಲೇಜುಗಳು ಅವನನ್ನು ಮೆರೆಸಿದವು. 2020ರಲ್ಲಿ ವಾಸ್ತವ ಪರಿಶೀಲಿಸುವವರು ಒಂದೊಂದೇ ಹೇಳಿಕೆಯನ್ನು ಹಿಡಿದು ನೋಡಿ, ಆಧಾರವಿಲ್ಲವೆಂದು ತೋರಿಸಿದರು. ಅವನ ಮೇಲೆ ಸಿಟ್ಟಾಗುವುದು ಸುಲಭ. ನನ್ನ ಸಿಟ್ಟು ಕೇಳಬೇಕಾದ್ದನ್ನು ಕೇಳದವರ ಮೇಲೆ. ಯಾವ ಫ್ಲೈಟ್ ಕಂಟ್ರೋಲರ್ ಹಾಕಿದ್ದೀಯ, ಒಟ್ಟು ತೂಕ ಎಷ್ಟು, ಎಷ್ಟು ಥ್ರಾಟಲ್‌ಗೆ ಗಾಳಿಯಲ್ಲಿ ನಿಲ್ಲುತ್ತದೆ ಎಂದು ವೇದಿಕೆಯ ಮೇಲೆ ಒಬ್ಬರಾದರೂ ಕೇಳಿದ್ದರೆ ಆ ಕಥೆ ಅಲ್ಲೇ ಮುಗಿಯುತ್ತಿತ್ತು. ಏನೂ ಇಲ್ಲದಲ್ಲಿಂದ ಎಲ್ಲವನ್ನೂ ಸೃಷ್ಟಿಸುವ ಹಳ್ಳಿಯ ಮೇಧಾವಿ ನಮಗೆ ಬೇಕಾಗಿತ್ತು. ಅಂಥವನು ಇಲ್ಲವೆಂದು ತಿಳಿದ ಮೇಲೆ, ನಿಜವಾಗಿ ಕೆಲಸ ಮಾಡುವ ಹುಡುಗನನ್ನೂ ಅದೇ ಅಳತೆಗೋಲಿನಿಂದ ಅಳೆದು ‘ಬರೀ ಜೋಡಣೆ’ ಎಂದು ತಳ್ಳುತ್ತಿದ್ದೇವೆ. ಅಂದಿನ ಜೈಕಾರವೂ ಇಂದಿನ ತಿರಸ್ಕಾರವೂ ಹುಟ್ಟಿದ್ದು ಒಂದೇ ಅಜ್ಞಾನದಿಂದ: ಯಂತ್ರಗಳು ಹೇಗೆ ಹುಟ್ಟುತ್ತವೆ ಎಂಬುದೇ ನಮಗೆ ಗೊತ್ತಿಲ್ಲ.

ಗೊತ್ತಿಲ್ಲವೆನ್ನಲು ಕರ್ನಾಟಕಕ್ಕೆ ಯಾವ ನೆಪವೂ ಇಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದಾಗ ಅಲ್ಲಿ ಮೊದಲು ನಡೆದ ಕೆಲಸವೇ ಜೋಡಣೆ. 1941ರಲ್ಲಿ ಅಲ್ಲಿಂದ ಹಾರಿದ ಹಾರ್ಲೋ ತರಬೇತಿ ವಿಮಾನ ಅಮೆರಿಕದ್ದು. ಭಾಗಗಳು ಅಲ್ಲಿಂದ ಬಂದಿದ್ದವು, ಕೂಡಿಸಿದ ಕೈಗಳು ನಮ್ಮವು. ಹತ್ತು ವರ್ಷ ಕಳೆದು 1951ರಲ್ಲಿ ಅದೇ ಕಾರ್ಖಾನೆಯಿಂದ ವಿ.ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಮೇಲೇರಿತು. ಅದು ನಮ್ಮದೇ ವಿಮಾನ. ಈ ಎರಡರ ನಡುವಿನ ಹತ್ತು ವರ್ಷಗಳಲ್ಲಿ ಆ ಕಾರ್ಖಾನೆಯವರು ಬೇರೆಯವರ ವಿಮಾನಗಳನ್ನು ಕೂಡಿಸಿದರು, ಬಿಚ್ಚಿದರು, ರಿಪೇರಿ ಮಾಡಿದರು. 1941ರಲ್ಲಿ ಯಾರಾದರೂ ‘ಇದು ಹಾರ್ಲೋ ಕಂಪನಿಯದು, ನೀವು ಬೋಲ್ಟ್ ಬಿಗಿದಿದ್ದೀರಿ ಅಷ್ಟೆ’ ಎಂದು ಅವರನ್ನು ಮನೆಗೆ ಕಳಿಸಿದ್ದರೆ 1951 ಬರುತ್ತಿರಲಿಲ್ಲ.

ತೇಜಸ್ ಯುದ್ಧವಿಮಾನದ ಎಂಜಿನ್ ಅಮೆರಿಕದ ಜಿಇ ಕಂಪನಿಯ ಎಫ್404. ಪೈಲಟ್ ಕೂರುವ ಆಸನ ಬ್ರಿಟನ್ನಿನ ಮಾರ್ಟಿನ್-ಬೇಕರ್. ಹಾಗೆಂದು ಅದು ನಮ್ಮದಲ್ಲ ಎಂದು ಬೆಂಗಳೂರಿನ ಎಂಜಿನಿಯರುಗಳ ಮುಂದೆ ನಿಂತು ಯಾರೂ ಹೇಳುವುದಿಲ್ಲ, ಹೇಳಲೂಬಾರದು. ಏಕೆಂದರೆ ಆ ವಿಮಾನದ ನಿಜವಾದ ಗೆಲುವು ಅದರ ಹಾರಾಟ ನಿಯಂತ್ರಣದ ನಿಯಮಗಳಲ್ಲಿದೆ. ತೇಜಸ್ಸನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗಿದೆ. ಕಂಪ್ಯೂಟರು ಕ್ಷಣಕ್ಷಣ ತಿದ್ದದಿದ್ದರೆ ಅದು ನೆಟ್ಟಗೆ ಹಾರದು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿ ಈ ಕೆಲಸದ ಸಹಕಾರವನ್ನು ನಿಲ್ಲಿಸಿತು. ಬೆಂಗಳೂರಿನವರು ಅದನ್ನು ತಾವೇ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಹಾರಿತು. ಎಂಜಿನ್ ಹೊರಗಿನದಾಗಿಯೂ ವಿಮಾನ ನಮ್ಮದಾಯಿತು, ಯಾಕೆಂದರೆ ಅದನ್ನು ಹಿಡಿತದಲ್ಲಿಡುವ ಬುದ್ಧಿ ನಮ್ಮದಾಗಿತ್ತು. ಮನೆಯಲ್ಲಿ ಕಟ್ಟುವ ಡ್ರೋನಿಗೂ ಇದೇ ನ್ಯಾಯ ಸಲ್ಲಬೇಕು. ಗಾತ್ರ ಚಿಕ್ಕದಾದ ಮಾತ್ರಕ್ಕೆ ನ್ಯಾಯ ಬದಲಾಗುವುದಿಲ್ಲ.

ನಾಲ್ಕು ಸ್ಕ್ರೂ ತಿರುಗಿಸುವ ಕೆಲಸ ಎನ್ನುವವರು ಒಮ್ಮೆ ಗಿಂಬಲ್ ಕಟ್ಟಿ ನೋಡಲಿ. ಡ್ರೋನಿನ ಹೊಟ್ಟೆಯಡಿ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ, ಎರಡೋ ಮೂರೋ ಮೋಟಾರುಗಳ ತೊಟ್ಟಿಲು ಅದು. ನಾಲ್ಕು ರೆಕ್ಕೆಯ ಡ್ರೋನು ಮುಂದಕ್ಕೆ ಹೋಗಬೇಕಾದರೆ ಬಾಗಬೇಕು. ಗಾಳಿಗೆದುರು ಇದ್ದಲ್ಲೇ ನಿಲ್ಲಬೇಕಾದರೂ ಬಾಗಬೇಕು. ಆದರೆ ಚಿತ್ರ ಬಾಗಬಾರದು. ಈ ಎರಡನ್ನು ಒಟ್ಟಿಗೆ ಸಾಧಿಸುವುದರಲ್ಲಿ ಇಡೀ ವಿದ್ಯೆ ಅಡಗಿದೆ.

ಕರೆಂಟು ಕೊಡುವ ಮೊದಲೇ ಅರ್ಧ ಕೆಲಸ ಮುಗಿದಿರಬೇಕು. ಕ್ಯಾಮೆರಾದ ಗುರುತ್ವ ಕೇಂದ್ರ ಮೋಟಾರುಗಳ ಅಕ್ಷಗಳು ಸಂಧಿಸುವ ಬಿಂದುವಿನಲ್ಲೇ ಬರಬೇಕು. ಸರಿಯಾಗಿದ್ದರೆ, ಬೆರಳಿನಿಂದ ಯಾವ ಕೋನಕ್ಕೆ ತಿರುಗಿಸಿ ಬಿಟ್ಟರೂ ಕ್ಯಾಮೆರಾ ಅಲ್ಲೇ ನಿಲ್ಲುತ್ತದೆ. ಲೆನ್ಸಿನ ಮುಂದೆ ಒಂದು ಫಿಲ್ಟರ್ ಹಾಕಿದರೆ ಸಮತೋಲ ಹೋಯಿತು, ಮತ್ತೆ ಮೊದಲಿನಿಂದ. ಸಮತೋಲ ತಪ್ಪಿದ ಗಿಂಬಲ್ ಮೇಜಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡಿ ತೋರಿಸುತ್ತದೆ. ಆದರೆ ಹಾರಿದ ಮೇಲೆ ಮೋಟಾರಿನ ಶಕ್ತಿಯೆಲ್ಲ ಆ ಹೆಚ್ಚುವರಿ ತೂಕವನ್ನು ಹಿಡಿಯುವುದಕ್ಕೇ ಖರ್ಚಾಗಿ, ಗಾಳಿ ಜೋರಾಗಿ ಬೀಸಿದಾಗ ತಡೆಯಲು ಏನೂ ಉಳಿದಿರುವುದಿಲ್ಲ. ಮೋಟಾರು ಬಿಸಿಯಾಗುತ್ತದೆ, ಚಿತ್ರ ಒಂದು ಕಡೆಗೆ ವಾಲುತ್ತದೆ.

ಆ ಮೋಟಾರಿನ ಜಾತಿಯೇ ಬೇರೆ. ರೆಕ್ಕೆ ತಿರುಗಿಸುವ ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ಹಾಕುತ್ತದೆ. ಅದರ ತಂತಿ ದಪ್ಪ, ಸುತ್ತು ಕಡಿಮೆ. ಗಿಂಬಲ್ಲಿನ ಮೋಟಾರು ಇಡೀ ಹಾರಾಟದಲ್ಲಿ ಒಂದು ಪೂರ್ತಿ ಸುತ್ತನ್ನೂ ತಿರುಗದೆ ಇರಬಹುದು. ಅದಕ್ಕೆ ತೆಳುವಾದ ತಂತಿಯನ್ನು ಬಹಳ ಸುತ್ತು ಸುತ್ತಿರುತ್ತಾರೆ, ರೋಧ ಹತ್ತು ಓಮ್ ಆಸುಪಾಸಿಗೆ ಬರುತ್ತದೆ. ಗೇರ್ ಇಲ್ಲ. ಮೊದಲು ಸರ್ವೊ ಮೋಟಾರಿನ ಗಿಂಬಲ್ಲುಗಳಿದ್ದವು. ಗೇರಿನ ಹಲ್ಲುಗಳ ನಡುವಿನ ಸಡಿಲದಿಂದ ಚಿತ್ರ ಸಣ್ಣಸಣ್ಣದಾಗಿ ಜಿಗಿಯುತ್ತಿತ್ತು. 2012ರ ಸುಮಾರಿಗೆ ಬ್ರಶ್‌ಲೆಸ್ ಮೋಟಾರನ್ನು ನೇರವಾಗಿ ಅಕ್ಷಕ್ಕೇ ಕೂರಿಸುವ ಅಗ್ಗದ ನಿಯಂತ್ರಕ ಬೋರ್ಡುಗಳು ಹವ್ಯಾಸಿಗಳ ಕೈಗೆ ಬಂದವು, ಆ ಜಿಗಿತ ನಿಂತಿತು. ಈ ಬದಲಾವಣೆಯಲ್ಲಿ ದೊಡ್ಡ ಕಂಪನಿಗಳಷ್ಟೇ ಪಾಲು ಮನೆಯ ಮೇಜಿನ ಮೇಲೆ ಕೆಲಸ ಮಾಡಿದವರದೂ ಇದೆ.

ಇನ್ನು ನಿಯಂತ್ರಣ. ಕ್ಯಾಮೆರಾಕ್ಕೆ ಅಂಟಿಸಿದ ಒಂದು ಪುಟ್ಟ ಸಂವೇದಕ, ಅದರೊಳಗೆ ಗೈರೊ ಮತ್ತು ವೇಗೋತ್ಕರ್ಷ ಅಳೆಯುವ ಚಿಪ್ಪು. ಅದು ಸೆಕೆಂಡಿಗೆ ನೂರಾರು ಬಾರಿ ‘ಇಷ್ಟು ತಪ್ಪಿದ್ದೇನೆ’ ಎಂದು ವರದಿ ಕೊಡುತ್ತದೆ. ಬೋರ್ಡು ಅಷ್ಟೇ ಬಾರಿ ಮೋಟಾರಿಗೆ ತಿದ್ದುಪಡಿ ಕಳಿಸುತ್ತದೆ. ಎಷ್ಟು ತಿದ್ದಬೇಕು ಎನ್ನುವುದಕ್ಕೆ ಪಿ, ಐ, ಡಿ ಎಂಬ ಮೂರು ಸಂಖ್ಯೆಗಳು. ಪಿ ಕಡಿಮೆಯಾದರೆ ಕ್ಯಾಮೆರಾ ಸೋಮಾರಿಯಾಗಿ ತೂಗಾಡುತ್ತದೆ, ಜಾಸ್ತಿಯಾದರೆ ಗುಂಯ್ ಎಂದು ನಡುಗುತ್ತದೆ. ಡಿ ಆ ನಡುಕಕ್ಕೆ ಕಡಿವಾಣ ಹಾಕುತ್ತದೆ, ಅತಿಯಾದರೆ ಅದೇ ಹೊಸ ನಡುಕ ತರುತ್ತದೆ. ಐ ನಿಧಾನವಾಗಿ ಉಳಿದುಹೋದ ವಾಲಿಕೆಯನ್ನು ಸರಿಪಡಿಸುತ್ತದೆ. ಈ ಸಂಖ್ಯೆಗಳನ್ನು ಬೇರೊಬ್ಬರಿಂದ ನಕಲು ಮಾಡಿಕೊಂಡರೆ ನಡೆಯುವುದಿಲ್ಲ, ಏಕೆಂದರೆ ಅವು ನಿಮ್ಮ ಕ್ಯಾಮೆರಾದ ತೂಕಕ್ಕೆ, ನಿಮ್ಮ ತೋಳಿನ ಗಡಸುತನಕ್ಕೆ, ನಿಮ್ಮ ಬ್ಯಾಟರಿಯ ವೋಲ್ಟೇಜಿಗೆ ಸೇರಿದವು. ಸಕ್ಕರೆ ಕಾರ್ಖಾನೆಯ ಬಾಯ್ಲರು, ಅಣೆಕಟ್ಟಿನ ಟರ್ಬೈನು, ಉಪಗ್ರಹದ ದಿಕ್ಕು, ಎಲ್ಲವೂ ಇದೇ ಕುಟುಂಬದ ಗಣಿತದಿಂದ ನಡೆಯುತ್ತವೆ. ಹಲಗೆಯ ಮೇಲೆ ಇದರ ಸಮೀಕರಣ ಬರೆದು ಪಾಸಾದ ಸಾವಿರಾರು ಪದವೀಧರರಲ್ಲಿ, ಕೈಯಲ್ಲಿ ಹಿಡಿದ ವಸ್ತು ನಡುಗುವಾಗ ಯಾವ ಸಂಖ್ಯೆಯನ್ನು ಇಳಿಸಬೇಕು ಎಂದು ಹೇಳಬಲ್ಲವರು ಎಷ್ಟು ಮಂದಿ?

ಇಷ್ಟೆಲ್ಲ ಆದ ಮೇಲೂ ಚಿತ್ರ ಹಾಳಾಗಬಹುದು, ಮತ್ತು ಈ ಕೆಲಸದ ಅತ್ಯಂತ ಸೂಕ್ಷ್ಮ ಭಾಗ ಇದೇ. ನಿಮಿಷಕ್ಕೆ 5,400 ಸುತ್ತು ತಿರುಗುವ ರೆಕ್ಕೆ ಸ್ವಲ್ಪ ಅಸಮತೋಲವಾಗಿದ್ದರೂ ಸೆಕೆಂಡಿಗೆ 90 ಬಾರಿ ಚೌಕಟ್ಟನ್ನು ಅಲುಗಿಸುತ್ತದೆ. ಇಂದಿನ ಬಹುತೇಕ ಕ್ಯಾಮೆರಾಗಳು ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ, ಸಾಲುಸಾಲಾಗಿ ಮೇಲಿನಿಂದ ಕೆಳಗೆ ಓದುತ್ತವೆ. ಓದುತ್ತಿರುವಾಗಲೇ ಅಲುಗಾಡಿದರೆ ನೆಟ್ಟಗಿನ ಸಿಲ್ವರ್ ಓಕ್ ಮರ ಹಾವಿನಂತೆ ಬಳುಕುತ್ತದೆ. ಇದಕ್ಕೆ ಹವ್ಯಾಸಿಗಳು ಜೆಲ್ಲೊ ಎನ್ನುತ್ತಾರೆ. ಎಷ್ಟು ದುಬಾರಿ ಗಿಂಬಲ್ ತಂದರೂ ಇದು ಹೋಗದು. ಅಷ್ಟು ವೇಗದ ಕಂಪನವನ್ನು ಮೋಟಾರು ಬೆನ್ನಟ್ಟಲಾರದು. ರೆಕ್ಕೆಗಳನ್ನು ಒಂದೊಂದಾಗಿ ತೂಗಿ, ಹಗುರವಾದ ಬದಿಗೆ ಟೇಪಿನ ಚೂರು ಅಂಟಿಸಿ ಸಮ ಮಾಡಬೇಕು. ಆಮೇಲೆ ಗಿಂಬಲ್ ಮತ್ತು ಚೌಕಟ್ಟಿನ ನಡುವೆ ರಬ್ಬರ್ ಬಾಲ್‌ಗಳು. ಇಲ್ಲಿ ಬಹಳ ಜನ ತಪ್ಪುತ್ತಾರೆ: ರಬ್ಬರ್ ಇದ್ದರೆ ಸಾಕು ಎಂದುಕೊಳ್ಳುತ್ತಾರೆ. ರಬ್ಬರಿಗೂ ಅದು ಹೊತ್ತ ತೂಕಕ್ಕೂ ಸೇರಿ ಒಂದು ಸಹಜ ಕಂಪನಾಂಕ ಇರುತ್ತದೆ. ಹೊರಗಿನ ಕಂಪನ ಅದರ ಸುಮಾರು 1.4 ಪಟ್ಟು ದಾಟಿದ ಮೇಲೆ ಮಾತ್ರ ರಬ್ಬರ್ ತಡೆಯುತ್ತದೆ. ಅದಕ್ಕಿಂತ ಕೆಳಗೆ ತಡೆಯುವ ಬದಲು ಹೆಚ್ಚಿಸುತ್ತದೆ. ಹಗುರ ಕ್ಯಾಮೆರಾಕ್ಕೆ ಗಟ್ಟಿ ರಬ್ಬರ್ ಹಾಕಿದವನು ತನ್ನ ಕೈಯಾರೆ ನಡುಕವನ್ನು ದೊಡ್ಡದು ಮಾಡಿಕೊಂಡ ಹಾಗೆ. ಈ ತಿಳಿವಳಿಕೆಯನ್ನು ಯಾವ ಅಂಗಡಿಯೂ ಪೊಟ್ಟಣ ಕಟ್ಟಿ ಕೊಡುವುದಿಲ್ಲ.

‘ರೆಡಿಮೇಡ್ ಇದೆಯಲ್ಲ’ ಎನ್ನುವ ವಾದಕ್ಕೆ ಬರುತ್ತೇನೆ. ಮದುವೆ ಚಿತ್ರೀಕರಣವನ್ನೇ ಜೀವನೋಪಾಯ ಮಾಡಿಕೊಂಡವರಿಗೆ ಮಡಚಿ ಜೇಬಿಗೆ ಹಾಕುವ ಸಿದ್ಧ ಡ್ರೋನೇ ಸರಿ. ಅದನ್ನು ಒಪ್ಪುತ್ತೇನೆ. ನನ್ನ ತಕರಾರು ಅದೊಂದೇ ದಾರಿ ಎನ್ನುವುದರ ಮೇಲೆ. ಮೊದಲನೆಯದಾಗಿ, ಆ ದಾರಿಯನ್ನು ನಮ್ಮ ಸರ್ಕಾರವೇ ಬಹುಮಟ್ಟಿಗೆ ಮುಚ್ಚಿದೆ. 2022ರ ಫೆಬ್ರುವರಿ 9ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಪೂರ್ತಿ ಜೋಡಿಸಿದ್ದಾಗಲಿ, ಬಿಚ್ಚಿಟ್ಟದ್ದಾಗಲಿ, ವಿದೇಶಿ ಡ್ರೋನ್ ಆಮದನ್ನು ನಿಷೇಧಿಸಿತು. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ. ಬಿಡಿಭಾಗಗಳನ್ನು ತರಲು ಅಡ್ಡಿಯಿಲ್ಲ ಎಂದಿತು. ಆದರೂ ‘ರೆಡಿಮೇಡ್ ತಗೋ’ ಎಂದು ಸಲಹೆ ಕೊಡುವವರು ಕಳ್ಳದಾರಿಯಲ್ಲಿ ಬಂದ, ಬಿಲ್ಲಿಲ್ಲದ, ಗ್ಯಾರಂಟಿಯಿಲ್ಲದ ಸರಕನ್ನು ಕೊಳ್ಳಲು ಹುಡುಗನನ್ನು ಕಳಿಸುತ್ತಿದ್ದಾರೆ ಎಂಬುದನ್ನು ಅರಿತಿದ್ದಾರೆಯೇ? ಅಂಥ ಡ್ರೋನು ತೋಟದ ಮರಕ್ಕೆ ಬಡಿದು ಗಿಂಬಲ್ಲಿನ ತೋಳು ಮುರಿದರೆ ಹುದಿಕೇರಿಯಿಂದ ಯಾರ ಬಳಿ ಹೋಗಬೇಕು? ಗೋಣಿಕೊಪ್ಪದಲ್ಲಿ ಕಾಫಿ ಪಲ್ಪರ್ ರಿಪೇರಿಯಾಗುತ್ತದೆ, ಸ್ಪ್ರೇಯರ್ ರಿಪೇರಿಯಾಗುತ್ತದೆ, ಇದಾಗುವುದಿಲ್ಲ. ಪಾರ್ಸೆಲ್ಲು ದೊಡ್ಡ ಊರಿಗೆ ಹೋಗಿ, ತಿಂಗಳುಗಟ್ಟಲೆ ಕೂತು, ‘ಬೋರ್ಡೇ ಬದಲಾಯಿಸಬೇಕು’ ಎಂಬ ಉತ್ತರದೊಂದಿಗೆ ಬರುತ್ತದೆ. ಕಟ್ಟಿದವನು ಅದೇ ಸಂಜೆ ತೋಳನ್ನು ಬದಲಾಯಿಸಿ ಮರುದಿನ ಹಾರಿಸುತ್ತಾನೆ.

ಅಲ್ಲದೆ, ಇವರು ಕೊಂಡಾಡುವ ಆ ಸಿದ್ಧ ಡ್ರೋನು ಬಂದದ್ದೆಲ್ಲಿಂದ? ಇಂದು ಜಗತ್ತಿನ ಮಾರುಕಟ್ಟೆಯ ಬಹುಪಾಲನ್ನು ಹಿಡಿದಿರುವ ಡಿಜೆಐ ಕಂಪನಿಯನ್ನು 2006ರಲ್ಲಿ ಶೆನ್‌ಜೆನ್‌ನಲ್ಲಿ ಆರಂಭಿಸಿದ ವಾಂಗ್ ತಾವೊ, ಹಾಂಗ್‌ಕಾಂಗಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಹೆಲಿಕಾಪ್ಟರ್ ಮಾದರಿಗೆ ನಿಯಂತ್ರಕ ಕಟ್ಟುತ್ತಿದ್ದವರು. 2013ರಲ್ಲಿ ಬಂದ ಅವರ ಮೊದಲ ಫ್ಯಾಂಟಮ್‌ಗೆ ಸ್ವಂತ ಕ್ಯಾಮೆರಾವೂ ಇರಲಿಲ್ಲ, ಗಿಂಬಲ್ಲೂ ಇರಲಿಲ್ಲ. ಜನ ತಮ್ಮ ಗೋಪ್ರೊ ಕ್ಯಾಮೆರಾ ತಂದು ಸಿಕ್ಕಿಸಿಕೊಳ್ಳುತ್ತಿದ್ದರು. 2010ರ ಸುಮಾರಿಗೆ ಹವ್ಯಾಸಿಗಳು ನಿಂಟೆಂಡೊ ಆಟದ ರಿಮೋಟಿನಿಂದ ಗೈರೊ ಕಿತ್ತು ಮಲ್ಟಿವೀ ಎಂಬ ನಿಯಂತ್ರಕ ಮಾಡಿದರು. ಡ್ರೋನನ್ನು ನಿಯಂತ್ರಿಸುವ ಆರ್ಡುಪೈಲಟ್ ಇವತ್ತಿಗೂ ಮುಕ್ತ ತಂತ್ರಾಂಶ. ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಈ ಉದ್ಯಮ ಬೆಳೆದದ್ದೇ ಬೇರೆಯವರ ಭಾಗಗಳನ್ನು ಜೋಡಿಸಿದವರ ಕೈಯಲ್ಲಿ. ಶೆನ್‌ಜೆನ್ನಿನ ಹುಡುಗ ಮಾಡಿದರೆ ಉದ್ಯಮಶೀಲತೆ, ಶ್ರೀಮಂಗಲದ ಹುಡುಗ ಮಾಡಿದರೆ ಕಾಲಹರಣ, ಇದು ಯಾವ ನ್ಯಾಯ?

ನಮ್ಮ ನೆಲಕ್ಕೆ ಬೇಕಾದ್ದನ್ನು ಬೇರೆಯವರು ಮಾಡಿಕೊಡುವುದೂ ಇಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಬೆಟ್ಟಗಳು ಜಾರಿದವು. ಮರುವರ್ಷ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಳಿಜಾರಿನ ತೋಟವಿರುವ ಪ್ರತಿ ಮನೆಯವರಿಗೂ ಮಳೆಗಾಲದ ಮೊದಲು, ನಡುವೆ, ಆಮೇಲೆ ತಮ್ಮ ಗುಡ್ಡದ ಬರೆ ಹೇಗಿದೆ ಎಂದು ನೋಡುವ ಅಗತ್ಯವಿದೆ. ಅದಕ್ಕೆ ಚಂದದ ವಿಡಿಯೊ ಸಾಲದು. ಒಂದೇ ಎತ್ತರ, ಒಂದೇ ದಾರಿ, ಕ್ಯಾಮೆರಾ ನೇರ ಕೆಳಮುಖ. ಪ್ರತಿ ಸಲವೂ ಅದೇ ಬಿಂದುಗಳಲ್ಲಿ ಚಿತ್ರ. ಆಗ ಮಾತ್ರ ಹಳೆಯದರ ಪಕ್ಕ ಹೊಸದನ್ನಿಟ್ಟು ಬಿರುಕು ಹೊಸದೋ ಹಳೆಯದೋ ಎನ್ನಬಹುದು. ಕಡಿಮೆ ಬೆಲೆಯ ಸಿದ್ಧ ಡ್ರೋನುಗಳಲ್ಲಿ ಹಲವು ಈ ಕೆಲಸಕ್ಕೆ ಬಗ್ಗುವುದಿಲ್ಲ. ಆರ್ಡುಪೈಲಟ್ ಹಾಕಿದ ಮನೆಯ ಡ್ರೋನಿನಲ್ಲಿ ಮಿಷನ್ ಪ್ಲಾನರ್ ಎಂಬ ಉಚಿತ ತಂತ್ರಾಂಶದಿಂದ ದಾರಿ ಬರೆದಿಟ್ಟರೆ ಮೂರು ಋತುವಿನಲ್ಲೂ ಅದೇ ದಾರಿ.

2021ರ ಮೊದಲ ತಿಂಗಳುಗಳಲ್ಲಿ ಹುದಿಕೇರಿ, ಶ್ರೀಮಂಗಲ, ಕುಟ್ಟದ ಸುತ್ತ ಹುಲಿ ದಾಳಿಗೆ ಜನ ಬಲಿಯಾದರು. ಬೆಳಿಗ್ಗೆ ಕೆಲಸದವರನ್ನು ತೋಟಕ್ಕೆ ಕಳಿಸುವುದೇ ಭಯವಾಗಿದ್ದ ದಿನಗಳು ಅವು. ಪ್ರಾಣಿಯನ್ನು ಅದರ ಮೈಬಿಸಿಯಿಂದ ಗುರುತಿಸುವ ಉಷ್ಣ ಕ್ಯಾಮೆರಾ ಹೊತ್ತ ಸಿದ್ಧ ಡ್ರೋನಿನ ಬೆಲೆ ಸಣ್ಣ ಬೆಳೆಗಾರನ ಯೋಚನೆಗೂ ನಿಲುಕದು. ಹಗುರ ಗಿಂಬಲ್ಲಿಗೆ ಫ್ಲಿರ್ ಲೆಪ್ಟಾನಿನಂಥ ಪುಟ್ಟ ಉಷ್ಣ ಸಂವೇದಕವನ್ನು ಕೂರಿಸುವುದು ಕಟ್ಟಿದವನಿಗೆ ಸಾಧ್ಯ. ಅದರ ಚಿತ್ರ 160 ಗುಣಿಸು 120 ಬಿಂದುಗಳಷ್ಟೇ, ದಟ್ಟ ನೆರಳಿನ ಎಲೆಗಳಾಚೆ ಅದು ಏನನ್ನೂ ಕಾಣದು. ಗದ್ದೆಯ ಅಂಚು, ಬಯಲು, ಕೆರೆಯ ದಂಡೆಗೆ ಉಪಯೋಗ, ತೋಟದೊಳಗೆ ಇಲ್ಲ. ಈ ಮಿತಿಯನ್ನು ಅವನು ಮೊದಲೇ ಹೇಳಬಲ್ಲ, ಮಾರುವವನು ಹೇಳುವುದಿಲ್ಲ. ಬ್ರಹ್ಮಗಿರಿ ವನ್ಯಧಾಮ, ನಾಗರಹೊಳೆಯ ಮೇಲೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಡ್ರೋನೂ ಹೋಗಕೂಡದು, ಅದು ಕಟ್ಟಿದ್ದಿರಲಿ ಕೊಂಡದ್ದಿರಲಿ; ಆನೆಯ ಹಿಂಡಿನ ತಲೆಯ ಮೇಲೆ ಗುಂಯ್‌ಗುಡಿಸಿ ವಿಡಿಯೊ ಮಾಡುವವರನ್ನು ನಾನು ಕ್ಷಮಿಸಲಾರೆ.

ನಮ್ಮ ಹವೆಯೂ ಬೇರೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ಶೇ 9 ಕಡಿಮೆ; ರೆಕ್ಕೆಗಳು ಅಷ್ಟೇ ಎತ್ತಲು ಹೆಚ್ಚು ತಿರುಗಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಹಾರಾಟದ ಅವಧಿ ಇಲ್ಲಿ ಸಿಗುವುದಿಲ್ಲ. ಕಟ್ಟುವವನು ಅದಕ್ಕೆ ತಕ್ಕ ರೆಕ್ಕೆ ಆರಿಸುತ್ತಾನೆ. ಜೂನಿನಿಂದ ಸೆಪ್ಟೆಂಬರಿನವರೆಗೆ, ಮಳೆ ಬಿಡುವು ಕೊಟ್ಟ ಗಳಿಗೆ ಬಿಟ್ಟರೆ, ಇಲ್ಲಿ ಹಾರಿಸುವ ಮಾತೇ ಇಲ್ಲ. ಆ ಮಳೆಯ ತಿಂಗಳುಗಳೇ ಕಟ್ಟಲು ಹೇಳಿ ಮಾಡಿಸಿದವು. ಕೊಯ್ಲು ಮುಗಿದ ಗದ್ದೆಯ ಬಯಲು ಪರೀಕ್ಷೆಗೆ.

ಮನೆಯಲ್ಲಿ ಕಟ್ಟಿದ್ದು ಯಾರದೋ ತಲೆಯ ಮೇಲೆ ಬಿದ್ದರೆ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದೆ, ತಿರುಗುವ ರೆಕ್ಕೆ ಬೆರಳು ಕತ್ತರಿಸುತ್ತದೆ. ಅದಕ್ಕಾಗಿಯೇ ನಿಯಮವಿದೆ. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅದಕ್ಕಿಂತ ಮೇಲೆ 2 ಕಿಲೊವರೆಗೆ ಮೈಕ್ರೊ. ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿ ಎತ್ತರದ ಮಿತಿ 400 ಅಡಿ. ಕಲಿಕೆ, ಸಂಶೋಧನೆ, ವಿನ್ಯಾಸ, ಪರೀಕ್ಷೆ, ಹವ್ಯಾಸಕ್ಕಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮಾತ್ರ ಹಾರಿಸುವ 25 ಕಿಲೊ ಒಳಗಿನ ಮಾದರಿಗೆ ಟೈಪ್ ಸರ್ಟಿಫಿಕೇಟ್ ಎಂಬ ವಿನ್ಯಾಸದ ಪ್ರಮಾಣಪತ್ರ ಬೇಕಿಲ್ಲ. ಮನೆಯಲ್ಲಿ ಕಟ್ಟುವವರಿಗೆ ಕಾನೂನು ಬಾಗಿಲು ತೆರೆದಿಟ್ಟಿದೆ. ಮುಚ್ಚಿದ್ದು ನಮ್ಮ ಮನಸ್ಸು. ಮೇಲಾಗಿ, ರಿಮೋಟಿನ ಸಂಪರ್ಕ ಕಡಿದರೆ ಡ್ರೋನು ಏನು ಮಾಡುತ್ತದೆ ಎಂದು ಕಟ್ಟಿದವನಿಗೆ ಗೊತ್ತು, ಏಕೆಂದರೆ ರೆಕ್ಕೆ ತೆಗೆದಿಟ್ಟು ರಿಮೋಟ್ ಆರಿಸಿ ಅದನ್ನು ಅವನೇ ಪರೀಕ್ಷಿಸಿರುತ್ತಾನೆ. ಪೆಟ್ಟಿಗೆ ಬಿಚ್ಚಿದ ದಿನವೇ ಮದುವೆ ಮಂಟಪದ ಜನರ ಮೇಲೆ ಹಾರಿಸುವವನಿಗೆ ಅದು ಗೊತ್ತಿರುವುದಿಲ್ಲ.

ಪೊನ್ನಂಪೇಟೆಯಲ್ಲೂ ಕುಶಾಲನಗರದಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ನಾಡಿನುದ್ದಕ್ಕೂ ನೂರಾರು ಇವೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದು ಅಂಕ ಪಡೆಯುವ ರೂಢಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ಸಂಗತಿ. ಆ ವಿದ್ಯಾರ್ಥಿ ‘ಬರೀ ಜೋಡಣೆ’ಯನ್ನೂ ಮಾಡಿರುವುದಿಲ್ಲ, ಆದರೆ ಹೊಳೆಯುವ ಡ್ರೋನು ತಂದಿಟ್ಟರೆ ಅಂಕ ಬೀಳುತ್ತದೆ. ಅಧ್ಯಾಪಕರು ಒಂದು ಕೆಲಸ ಮಾಡಲಿ. ಡ್ರೋನನ್ನು ಹಾರಿಸಿ ತೋರಿಸು ಎನ್ನುವ ಬದಲು ಅದರ ಲಾಗ್ ಫೈಲ್ ಕೇಳಲಿ. ಆರ್ಡುಪೈಲಟ್ ಪ್ರತಿ ಹಾರಾಟದ ಕಂಪನವನ್ನು ಬರೆದಿಡುತ್ತದೆ: 30ರ ಕೆಳಗಿದ್ದರೆ ಸಾಮಾನ್ಯವಾಗಿ ಸರಿ, 60 ದಾಟಿದರೆ ತೊಂದರೆ ಹೆಚ್ಚುಕಡಿಮೆ ಖಚಿತ. ಮೊದಲ ಹಾರಾಟದ ಲಾಗ್ ಎಲ್ಲಿ, ಕೊನೆಯದು ಎಲ್ಲಿ, ನಡುವೆ ಆ ಸಂಖ್ಯೆ ಇಳಿದದ್ದು ರೆಕ್ಕೆಯಿಂದಲೋ ರಬ್ಬರಿನಿಂದಲೋ, ಹೇಗೆ ಗೊತ್ತಾಯಿತು ಎಂದು ಕೇಳಲಿ. ಅಂಕವನ್ನು ಆ ಉತ್ತರಕ್ಕೆ ಕೊಡಲಿ, ಮೋಟಾರಿನ ಮೇಲೆ ಯಾವ ದೇಶದ ಹೆಸರು ಅಚ್ಚಾಗಿದ್ದರೂ ಸರಿ.